ಕನ್ನಡಿಯ ಪಕ್ಕದ ಪದಕ

ಪ್ರೀತಿಯ ಮಗನಿಗೆ ಅಪ್ಪನ ಆಶೀರ್ವಾದ.

ನಿನ್ನ ಪದಕವನ್ನು ಅಂಗಡಿಯ ಕನ್ನಡಿಯ ಪಕ್ಕದಿಂದ ತೆಗೆದುಬಿಟ್ಟೆ. ಕ್ಷೌರಕ್ಕೆ ಕೂತವರಿಗೆಲ್ಲ ಅದರ ಕಥೆ ಹೇಳಿ ತಲೆ ತಿನ್ನುತ್ತಿದ್ದೆ; ನಿನ್ನೆ ಬಂದ ವಿದೇಶಿ ಹಡಗಿನ ಬಡಗಿಯನ್ನೂ ಬಿಡಲಿಲ್ಲ.

“ಇದು ನಮ್ಮ ದೇಶದ ಪದಕ ಅಲ್ವಾ?” ಎಂದ.

“ಹೌದು. ಯುದ್ಧದಲ್ಲಿ ಶತ್ರುಗಳು ಹಿಡಿದಿದ್ದ ನಿಮ್ಮ ಬಂದರಿನ ಮೇಲೆ ವಿಮಾನದಿಂದ ಬಾಂಬು ಹಾಕಿದ್ದು ನನ್ನ ಮಗನೇ. ನಿಮ್ಮ ಸರ್ಕಾರವೇ ಕರೆದು ಕೊಡ್ತು,” ಎಂದು ಎದೆಯುಬ್ಬಿಸಿ ಹೇಳಿದೆ.

“ಬಂದರಿನ ಹಿಂದೇನೇ ನಮ್ಮನೆ ಇತ್ತು. ಅವತ್ತು ಅಮ್ಮ ಒಬ್ಬರೇ ಒಳಗಿದ್ರು,” ಎಂದ.

ಆತನ ಅರ್ಧ ಗಡ್ಡ ಇನ್ನೂ ನೊರೆಯಲ್ಲೇ ಇತ್ತು. ಕತ್ತಿ ಕೆಳಗಿಟ್ಟೆ, ಎತ್ತಿಕೊಂಡೆ, ಮತ್ತೆ ಕೆಳಗಿಟ್ಟೆ. “ನಿಧಾನಕ್ಕೆ ಮಾಡಿ ಯಜಮಾನ್ರೇ,” ಎಂದು ಆತನೇ ನನಗೆ ಸಮಾಧಾನ ಹೇಳಿದ. ಹೊರಡುವಾಗ, “ನಿಮ್ಮ ಮಗ ಚೆನ್ನಾಗಿದ್ದಾರಾ?” ಎಂದು ಕೇಳಿದ. ಭೂಮಿ ಬಾಯಿಬಿಡಬಾರದೇ ಅನಿಸಿತು.

ಪದಕ ಬಂದ ದಿನವೇ “ಪೆಟ್ಟಿಗೇಲಿ ಇಟ್ಬಿಡು ಅಪ್ಪ,” ಎಂದು ನೀನು ಕೇಳಿಕೊಂಡಿದ್ದೆ. ಸಂಕೋಚವಿರಬೇಕು ಎಂದು ನಾನು ನಕ್ಕುಬಿಟ್ಟೆ. ಆಮೇಲೆ ನೀನು ಊರಿಗೆ ಬಂದಾಗಲೂ ಅಂಗಡಿಗೆ ಕಾಲಿಡಲಿಲ್ಲ.

ಈ ಸಲ ಬಂದಾಗ ಕೂದಲು ಕತ್ತರಿಸಿಕೊಳ್ಳಲು ಬೇರೆಲ್ಲೂ ಹೋಗಬೇಡ, ಮಗನೇ. ನಾನು ಏನನ್ನೂ ಕೇಳುವುದಿಲ್ಲ.

ಇಂತಿ,
ತಲೆ ತಗ್ಗಿಸಿ ಕೂತಿರುವ ನಿನ್ನ ಅಪ್ಪ