ಭಾವ ಬಿಗಿದ ಬೋಲ್ಟುಗಳು

ಮಾರ್ಚ್ 3, ಭಾನುವಾರ

ಇವತ್ತೂ ತುಕ್ಕು ಉಜ್ಜಿದ್ದೇ ಆಯಿತು. ಎಡಗಡೆ ಬಾಗಿಲು, ಒಳಮೈ. ಮೂರು ಹಾಳೆ ಎಮರಿ ಪೇಪರ್ ಸವೆದ ಮೇಲೆ ಅಂಗೈ ಅಗಲ ಕಬ್ಬಿಣ ಹೊಳೆಯಿತು. ಭಾವ ಬಂದು ನೋಡಿ, "ಸೀಸೆ ಮೇಲಿನ ಲೇಬಲ್ ಕೀಳೋ ಹಾಗೆ ಉಜ್ಜಬೇಡಿ ಡಾಕ್ಟ್ರೇ, ಇದು ಕಬ್ಬಿಣ" ಎಂದರು. ನಾನು ಡಾಕ್ಟರಲ್ಲ. ಔಷಧಿ ಅಂಗಡಿಯ ಕೌಂಟರಿನ ಹಿಂದೆ ನಿಂತು ಇಪ್ಪತ್ತೆರಡು ವರ್ಷದಿಂದ ಮಾತ್ರೆ ಕೊಡುವವನು. ಅಷ್ಟೂ ವರ್ಷದಿಂದ ಅವರ ಬಾಯಲ್ಲಿ ಡಾಕ್ಟ್ರೇ.

ಕಾರು ಅಕ್ಕನ ಮನೆ ಶೆಡ್ಡು ಸೇರಿ ನಾಲ್ಕು ವರ್ಷ. ಹಳೇ ಮಸಲ್ ಕಾರು. ಎರಡೇ ಬಾಗಿಲು, ಉದ್ದ ಮೂತಿ, ಎಂಟು ಸಿಲಿಂಡರಿನ ಎಂಜಿನ್. ಮುಚ್ಚಿದ ಕಾರ್ಖಾನೆಯೊಂದರ ಹಿಂದೆ ಬಿದ್ದಿದ್ದನ್ನು, ಬಸ್ ಡಿಪೋದ ಮೆಕ್ಯಾನಿಕ್ ಕೆಲಸದಿಂದ ರಿಟೈರ್ ಆದ ತಿಂಗಳೇ ಭಾವ ಎಳೆಸಿಕೊಂಡು ಬಂದರು. ಅವರು ಅದನ್ನು ಗೂಳಿ ಅನ್ನುತ್ತಾರೆ. ಅಕ್ಕ ಸವತಿ ಅನ್ನುತ್ತಾಳೆ.

ಒಂಬತ್ತೂವರೆಗೆ ಭಾವನ ನಡುಕದ ಮಾತ್ರೆ. ಹತ್ತರಿಂದ ಹನ್ನೆರಡೂವರೆ ತನಕ ಭಾವ ರಾಜ. ಆಮೇಲೆ ಬಲಗೈ ನಡುಗಲು ಶುರು, ಅವರ ಮಾತು ಕೇಳುವುದಿಲ್ಲ. ಹೋದ ವರ್ಷಕ್ಕಿಂತ ಡೋಸ್ ಒಂದೂವರೆ ಪಟ್ಟು ಆಗಿದೆ. ಮಾತ್ರೆ ಕೊಡುವವನು ನಾನೇ. ಈ ವಿಷಯ ನಾವಿಬ್ಬರೂ ಎತ್ತುವುದಿಲ್ಲ.

ಮಾರ್ಚ್ 10, ಭಾನುವಾರ

ಅಕ್ಕ ಅಡುಗೆಮನೆಗೆ ಕರೆದಳು. ಈ ವಾರ ಭಾವ ಮುಚ್ಚಿಟ್ಟ ಎಣ್ಣೆ ಡಬ್ಬಿಯ ಮುಚ್ಚಳ ಬಿಗಿಯಾಗಿರಲಿಲ್ಲವಂತೆ. ಎತ್ತಿದಳು, ನೆಲವೆಲ್ಲ ಎಣ್ಣೆ. ಆವತ್ತಿನಿಂದ ತಲೆಗೆ ಹುಳ ಹೊಕ್ಕಿದೆ — ಡಬ್ಬಿ ಹೀಗಾದರೆ ಕಾರಿನ ಚಕ್ರದ ಗತಿ ಏನು.

"ಊಟ ಆಗಿ ಅವರು ಮಲಗ್ತಾರಲ್ಲ, ಆಗ ಒಂದ್ಸಲ ಎಲ್ಲಾ ಬಿಗಿ ನೋಡ್ಬಿಡು. ಅವರಿಗೆ ಗೊತ್ತಾಗ್ಬಾರ್ದು ಕಣೋ."

ನನ್ನ ಕೈಗೂ ಸ್ಪ್ಯಾನರಿಗೂ ಎಣ್ಣೆ ಸೀಗೆಕಾಯಿ ಸಂಬಂಧ. ಆದರೂ ಹೂಂ ಅಂದೆ. ಎರಡು ಗಂಟೆಗೆ ಕಳ್ಳಹೆಜ್ಜೆ. ಮುಂದಿನ ಚಕ್ರಗಳ ಹತ್ತು ನಟ್ಟು. ಹತ್ತೂ ಅಲುಗಲಿಲ್ಲ. ಬರೆದಿಡುತ್ತಿದ್ದೇನೆ. ಅಂಗಡಿಯ ಅಭ್ಯಾಸ, ಬರೆಯದಿದ್ದರೆ ಕೆಲಸ ಮಾಡಿದಂತೆ ಅನಿಸುವುದಿಲ್ಲ.

ಮಾರ್ಚ್ 17, ಭಾನುವಾರ

ಬ್ರೇಕಿನ ಹಿಂದಿನ ತಟ್ಟೆಗಳು. ಎಂಟು ಬೋಲ್ಟು. ಏಳು ಅಲುಗಲಿಲ್ಲ. ಎಂಟನೆಯದು ಕಾಲು ಸುತ್ತು ಬಂತು.

ಎದೆ ಧಸಕ್ಕೆಂದಿತು. ಜೊತೆಗೇ — ಇಲ್ಲಿ ಸುಳ್ಳು ಬರೆದು ಏನಾಗಬೇಕು — ಒಂದು ಚೂರು ಖುಷಿಯೂ ಆಯಿತು. ಇಷ್ಟು ವರ್ಷ ಗೇಲಿ ಮಾಡಿದವರ ತಪ್ಪೊಂದು ಕೈಗೆ ಸಿಕ್ಕಿತಲ್ಲ ಎಂದು. ಬಸ್ಸಿನಲ್ಲಿ ವಾಪಸ್ ಬರುವಾಗ ನಾಚಿಕೆಯಾಯಿತು.

ಮಾರ್ಚ್ 24, ಭಾನುವಾರ

ಸೀಟಿನ ಚೌಕಟ್ಟು, ಬಾನೆಟ್ಟಿನ ಕೀಲು. ಹದಿನಾಲ್ಕು. ಹನ್ನೆರಡು ಅಲುಗಲಿಲ್ಲ. ಒಂದು ಅರ್ಧ ಸುತ್ತು ಬಂತು. ಇನ್ನೊಂದೂ ಬಂತು, ಬರುತ್ತಲೇ ಹೋಯಿತು… ನಾನು ಉಲ್ಟಾ ತಿರುಗಿಸುತ್ತಿದ್ದೆ. ಮತ್ತೆ ಕೂರಿಸಲು ಹತ್ತು ನಿಮಿಷ. ಅಷ್ಟರಲ್ಲಿ ಭಾವ ಒಳಗೆ ಕೆಮ್ಮಿದರು, ನನ್ನ ಜೀವ ಬಾಯಿಗೆ ಬಂತು.

ಏಪ್ರಿಲ್ 7, ಭಾನುವಾರ

ರೇಡಿಯೇಟರ್, ಬಂಪರ್. ಹನ್ನೆರಡು. ಒಂದೂ ಅಲುಗಲಿಲ್ಲ.

ಭಾವ ಒಳ್ಳೇ ಲಹರಿಯಲ್ಲಿದ್ದರು. ಮೇ ಕೊನೆಗೆ ಗೂಳಿ ಗುಟುರು ಹಾಕುತ್ತದಂತೆ. ಇವತ್ತು ಒಂದು ಸಲ ಡಾಕ್ಟ್ರೇ ಅನ್ನದೆ "ಬಾರಯ್ಯ, ಇದನ್ನ ಹಿಡ್ಕೋ" ಅಂದರು. ಮನೆಗೆ ಬರುವವರೆಗೂ ಅದೇ ಕಿವಿಯಲ್ಲಿತ್ತು.

ಏಪ್ರಿಲ್ 14, ಭಾನುವಾರ, ಸಂಜೆ 6

ಹೇಗೆ ಬರೆಯಲಿ.

ಬೆಳಿಗ್ಗೆ ಎಂಜಿನ್ನಿನ ನೆತ್ತಿಯ ಮೇಲೆ ಮ್ಯಾನಿಫೋಲ್ಡ್, ಅಂದರೆ ಸಿಲಿಂಡರುಗಳಿಗೆ ಗಾಳಿ ಹಂಚುವ ಕೊಳವೆಗಳ ಗೊಂಚಲು, ಕೂರಿಸಿದರು. ದೊಡ್ಡ ಕೆಲಸ. ಹನ್ನೆರಡು ಬೋಲ್ಟು ಇಳಿಸುವಷ್ಟರಲ್ಲಿ ಕೈ ನಡುಗಲು ಶುರುವಾಯಿತು, ದಿನಕ್ಕಿಂತ ಮುಂಚೆಯೇ. ಸ್ಪ್ಯಾನರ್ ಕೆಳಗಿಟ್ಟು ಒಳಗೆ ಹೋದರು.

ಎರಡು ಗಂಟೆಗೆ ನಾನು ಹೋಗಿ ನೋಡಿದರೆ ಹನ್ನೆರಡೂ ಸಡಿಲ. ಬೆರಳಲ್ಲೇ ತಿರುಗುತ್ತಿದ್ದವು. ಭಾವನ ಕೈ ಪೂರ್ತಿ ಸೋತಿತು ಅಂದುಕೊಂಡೆ. ಮೂಲೆಯ ಬೋಲ್ಟಿಗೆ ಉದ್ದದ ಸ್ಪ್ಯಾನರ್ ಹಾಕಿ ಮೈಭಾರವೆಲ್ಲ ಬಿಟ್ಟೆ. ಟಕ್. ಬೋಲ್ಟಿನ ತಲೆ ಕೈಗೆ ಬಂತು. ಮಿಕ್ಕಿದ್ದು ಒಳಗೇ ಉಳಿಯಿತು.

ಹೇಳಬೇಕಿತ್ತು. ಎಬ್ಬಿಸಿ ಹೇಳಬೇಕಿತ್ತು. ಅದರ ಬದಲು ತಲೆಗೆ ಗ್ರೀಸ್ ಹಚ್ಚಿ ಇದ್ದ ಜಾಗದಲ್ಲೇ ಅಂಟಿಸಿದೆ. ಏನೂ ಆಗದ ಹಾಗೆ ಕಾಣುತ್ತಿತ್ತು. ಕೈ ತೊಳೆದು, ಅಕ್ಕ ಕೊಟ್ಟ ಟೀ ಕುಡಿದು, ಬರ್ತೀನಿ ಭಾವ ಅಂದು ಬಂದೆ.

ಏಪ್ರಿಲ್ 15, ಸೋಮವಾರ

ಹನ್ನೊಂದಕ್ಕೆ ಅಂಗಡಿಗೆ ಅಕ್ಕನ ಫೋನ್. ಭಾವ ಎರಡನೇ ಸುತ್ತು ಬಿಗಿಯಲು ಕೂತರಂತೆ. ಎರಡನೇ ಸುತ್ತು! ಮ್ಯಾನಿಫೋಲ್ಡನ್ನು ಮೂರು ಸುತ್ತಿನಲ್ಲಿ ಬಿಗಿಯುತ್ತಾರಂತೆ. ಮೊದಲು ಬೆರಳಲ್ಲಿ, ಆಮೇಲೆ ಅರ್ಧ, ಕೊನೆಗೆ ಪೂರ್ತಿ, ನಡುವಿನಿಂದ ಮೂಲೆಗೆ. ಅವರು ಸಡಿಲ ಬಿಟ್ಟಿದ್ದು ಬೇಕೆಂದೇ. ಕೈ ಸೋತಿರಲಿಲ್ಲ.

ಮೂಲೆಯದಕ್ಕೆ ಸ್ಪ್ಯಾನರ್ ಇಟ್ಟ ಕೂಡಲೇ ತಲೆ ಕಿತ್ತು ಬಂತು. ಅದನ್ನು ಹಿಡಿದು ಅರ್ಧ ಗಂಟೆ ಸ್ಟೂಲಿನ ಮೇಲೆ ಕೂತಿದ್ದರಂತೆ. ಆಮೇಲೆ ಅಕ್ಕನಿಗೆ ಅಂದರಂತೆ, "ಎಷ್ಟು ಬಲ ಹಾಕ್ದೆ ಅಂತ ಕೈಗೆ ಗೊತ್ತೇ ಆಗ್ಲಿಲ್ಲ ಕಣೇ."

ಕೆಮ್ಮಿನ ಸಿರಪ್ ಕೇಳಿದವರಿಗೆ ಕಣ್ಣಿನ ಹನಿ ಕೊಡಹೊರಟೆ. ಅವರೇ ನೋಡಿ ವಾಪಸ್ ಕೊಟ್ಟರು.

ಏಪ್ರಿಲ್ 21, ಭಾನುವಾರ

ಶೆಡ್ಡಿಗೆ ಬೀಗ. ಭಾವ ಕಿಟಕಿ ಪಕ್ಕ ಕೂತಿದ್ದರು. ಷರ್ಟಿನ ಗುಂಡಿ ಈಗ ಅಕ್ಕ ಹಾಕುತ್ತಾಳೆ. ಟೀ ಅರ್ಧ ಲೋಟ ಮಾತ್ರ, ಅದೂ ಅವರೇ ಹೇಳಿದ್ದಂತೆ. ಬೆಳಿಗ್ಗೆ ಹತ್ತೂವರೆ, ಮಾತ್ರೆ ಕೆಲಸ ಮಾಡುವ ಹೊತ್ತು, ಕೈ ನೆಟ್ಟಗೆ ತೊಡೆಯ ಮೇಲಿದೆ — ಆದರೂ ಲೋಟ ಎಡಗೈಯಲ್ಲಿ. ನನ್ನನ್ನು ಗೇಲಿ ಮಾಡಲಿಲ್ಲ. ಒಂದು ಮಾತು ಬೈದಿದ್ದರೂ ಸಾಕಿತ್ತು.

ಹೇಳಲು ಎರಡು ಸಲ ಬಾಯಿ ತೆರೆದೆ. ಬಿಸಿಲು ಜಾಸ್ತಿ ಅಂದೆ.

ಏಪ್ರಿಲ್ 28, ಭಾನುವಾರ

ಹೋಗಲಿಲ್ಲ. ಅಂಗಡಿಯಲ್ಲಿ ಸ್ಟಾಕ್ ನೋಡಬೇಕು ಎಂದು ಸುಳ್ಳು.

ಮೇ 1, ಬುಧವಾರ

ಗ್ಯಾರೇಜಿನವನೊಬ್ಬ ಬಹಳ ದಿನದಿಂದ ಗೂಳಿಯ ಮೇಲೆ ಕಣ್ಣಿಟ್ಟಿದ್ದ. ಭಾವ ಅವನಿಗೆ ಹೇಳಿ ಕಳಿಸಿದ್ದಾರೆ. ಭಾನುವಾರ ಬಂದು ಎಳೆದುಕೊಂಡು ಹೋಗುತ್ತಾನೆ.

ಅಕ್ಕ ಫೋನಿನಲ್ಲಿ ಅತ್ತಳು. "ಸವತಿ ತೊಲಗಿದ್ರೆ ಸಾಕು ಅಂತಿದ್ದೆ. ಈಗ ನೋಡಿದ್ರೆ ಇವರೇ ಅವಳ ಜೊತೆ ಹೋಗ್ಬಿಡ್ತಾರೇನೋ ಅನ್ಸುತ್ತೆ."

ಹೇಳಿದರೆ, ನಾವು ಅವರ ಬೆನ್ನ ಹಿಂದೆ ಏನು ಮಾಡುತ್ತಿದ್ದೆವು ಎಂದು ಗೊತ್ತಾಗುತ್ತದೆ. ಆ ಅವಮಾನ ಅವರು ತಡೆಯುತ್ತಾರೋ ಇಲ್ಲವೋ. ಹೇಳದಿದ್ದರೆ, ಇನ್ನೂ ಐದಾರು ವರ್ಷ ಕೆಲಸ ಮಾಡಬಲ್ಲ ಕೈಯನ್ನು ಈಗಲೇ ಮೂಲೆಗೆ ಹಾಕುತ್ತಾರೆ. ಅದಕ್ಕೆ ನನ್ನ ಅಂಗಡಿಯಲ್ಲಿ ಮಾತ್ರೆ ಇಲ್ಲ.

ಮೇ 4, ಶನಿವಾರ, ಮಧ್ಯಾಹ್ನ 3.30

ಹೇಳಿದೆ.

ಅರ್ಧ ದಿನ ರಜೆ ಹಾಕಿ ಹೋದೆ. ಶೆಡ್ಡಿನ ಬೀಗ ತೆಗೆಸಿದೆ. ಬೋಲ್ಟ್ ಮುರಿದವನು ನಾನು ಅಂದೆ. ಗ್ರೀಸಿನ ವಿಷಯವನ್ನೂ ಹೇಳಿದೆ. ಯಾಕೆ ಮುಟ್ಟಿದೆ ಎಂದು ಕೇಳಿದರು. ಪ್ರತಿ ಭಾನುವಾರ ಮುಟ್ಟುತ್ತಿದ್ದೆ ಅಂದೆ. ಅಕ್ಕನ ಹೆಸರೆತ್ತಲಿಲ್ಲ. ಅವರೇ, "ಇಷ್ಟು ತಲೆ ನಿನಗಿಲ್ಲ. ನಿಮ್ಮಕ್ಕಂದು" ಅಂದರು.

ಆಮೇಲೆ ಕೇಳಿದರು, "ಎಷ್ಟು ಸಡಿಲ ಇತ್ತು?"

ಬ್ಯಾಗಿನಲ್ಲಿ ಈ ಪುಸ್ತಕವಿತ್ತು. ಯಾರಿಗೂ ತೋರಿಸದ ಪುಸ್ತಕ. ತೆಗೆದು ಓದಿದೆ. ಚಕ್ರ ಹತ್ತು, ಅಲುಗಲಿಲ್ಲ. ಬ್ರೇಕು ಎಂಟು, ಏಳು ಅಲುಗಲಿಲ್ಲ. ಸೀಟು, ಬಾನೆಟ್ಟು… ನನ್ನ ಆ ಚೂರು ಖುಷಿಯನ್ನೂ ಓದಿದೆ, ಬಿಡಲಿಲ್ಲ. ಒಟ್ಟು ನಲವತ್ತನಾಲ್ಕು. ಅಲುಗಿದ್ದು ಮೂರು, ಅದರಲ್ಲಿ ಒಂದು ನಾನೇ ಸಡಿಲಿಸಿದ್ದು.

"ಎರಡೇನಾ? ಕೈ ಚೆನ್ನಾಗಿದ್ದಾಗ ಡಿಪೋದಲ್ಲಿ ಇದಕ್ಕಿಂತ ಜಾಸ್ತಿ ಬಿಟ್ಟಿದ್ದೀನಿ."

ನಾನು ನಕ್ಕೆ. ಅವರು ನಗಲಿಲ್ಲ. ಬಲಗೈಯನ್ನು ಎಡಗೈಯಲ್ಲಿ ಹಿಡಿದುಕೊಂಡು ನಿಂತಿದ್ದರು.

"ಇಪ್ಪತ್ತು ದಿನ ನನ್ನ ಕೈನ ನಾನೇ ಬೈಕೊಂಡೆ ಕಣೋ. ನೀನು ಎದುರಿಗೇ ಕೂತು ಟೀ ಕುಡ್ದೆ."

ಮನೆಗೆ ಹೋಗು ಅಂದರು. ಬಂದೆ.

ಮೇ 12, ಭಾನುವಾರ

ಗ್ಯಾರೇಜಿನವನನ್ನು ಬಾಗಿಲಿನಿಂದಲೇ ವಾಪಸ್ ಕಳಿಸಿದರಂತೆ. ಷರ್ಟಿನ ಗುಂಡಿ ತಾವೇ ಹಾಕಿಕೊಳ್ಳುತ್ತಾರೆ. ಹತ್ತು ನಿಮಿಷ ಹಿಡಿಯುತ್ತದೆ, ಅಕ್ಕ ಆ ಕಡೆ ತಿರುಗಿ ಬಟ್ಟೆ ಮಡಿಸುತ್ತ ನಿಲ್ಲುತ್ತಾಳೆ. ಅವಳಿಗೂ ಎರಡು ದಿನ ಮೌನವ್ರತದ ಶಿಕ್ಷೆಯಾಯಿತಂತೆ. ನನಗೆ ಬಾ ಎಂದು ಕರೆ ಬರಲಿಲ್ಲ. ಹೋಗಲಿಲ್ಲ.

ಮೇ 16, ಗುರುವಾರ

ಭಾವ ಕೌಂಟರಿಗೇ ಬಂದರು. ಚೀಟಿ ಮುಂದಿಟ್ಟರು. ಮಾತ್ರೆ ಎಣಿಸಿ ಕೊಟ್ಟೆ. ಇನ್ನೂ ಮೂರು ಜನ ನಿಂತಿದ್ದರು. ಅವರೆಲ್ಲರಿಗೂ ಕೇಳುವ ಹಾಗೆ ಹೇಳಿದರು, "ಭಾನುವಾರ ಬಾ. ಮುರಿದವನೇ ಬಂದು ಟಾರ್ಚ್ ಹಿಡೀಬೇಕು."

ಖುಷಿಗೆ ಚಿಲ್ಲರೆ ಕೊಡುವುದೇ ಮರೆತೆ.

ಮೇ 19, ಭಾನುವಾರ

ಮುರಿದ ತುಂಡಿನ ನಡುವಿಗೆ ತೂತು ಕೊರೆದು, ಅದಕ್ಕೆ ಉಲ್ಟಾ ಎಳೆಯುವ ಕಡ್ಡಿ ಇಳಿಸಿ, ಕೂದಲೆಳೆಯಷ್ಟಷ್ಟೇ ತಿರುಗಿಸಿದರು. ಎರಡು ತಾಸು. ನಾನು ಟಾರ್ಚ್. ಉಸಿರು ಬಿಡಲೂ ಭಯ. ಹನ್ನೆರಡೂಕಾಲಿಗೆ ಹೊರಗೆ ಬಂತು.

ಹೊಸ ಕಾನೂನು: ಅವರು ಬಿಗಿಯುವುದು, ನಾನು ಅವರ ಕಣ್ಣೆದುರೇ ಬಿಗಿ ನೋಡುವುದು. ಒಂದು ಬೋಲ್ಟು ಕಾಲು ಸುತ್ತು ಬಂತು. ಅವರ ಮುಖ ನೋಡಲಾಗದೆ ಅಲುಗಲಿಲ್ಲ ಅನ್ನೋಣ ಎಂದಿದ್ದೆ. "ಬಂತಲ್ಲ, ಬರ್ಕೋ" ಅಂದರು.

ಜೂನ್ 2, ಭಾನುವಾರ, ಬೆಳಿಗ್ಗೆ 10.40, ಅಕ್ಕನ ಅಡುಗೆಮನೆ

ಹತ್ತಕ್ಕೆ ಸ್ಟಾರ್ಟ್ ಆಯಿತು. ಮೂರನೇ ಸಲಕ್ಕೆ. ಶೆಡ್ಡಿನ ತಗಡೆಲ್ಲ ಗಡಗಡ. ಅಕ್ಕ ಕಿವಿ ಮುಚ್ಚಿಕೊಂಡು ನಗುತ್ತಿದ್ದಳು. ಭಾವ ಬಾನೆಟ್ಟಿನ ಮೇಲೆ ಕೈಯಿಟ್ಟು ನಿಂತರು, ಕಣ್ಣು ತುಂಬಿತ್ತು. ನನಗೂ.

ಆಮೇಲೆ ಡ್ರೈವರ್ ಬಾಗಿಲು ತೆರೆದು ನಿಂತು, ನನ್ನ ಕಡೆ ತಿರುಗಿ ಕೇಳಿದರು.

"ನಾನು ಓಡಿಸಬಹುದಾ? ಭಾಮೈದ ಆಗಿ ಬೇಡ, ಕೌಂಟರಲ್ಲಿ ನಿಂತು ಹೇಳೋ ಹಾಗೆ ಹೇಳು."

ಡಾಕ್ಟರನ್ನು ಕೇಳಿ ಅನ್ನಬಹುದಿತ್ತು. ಶೆಡ್ಡಿನ ಸುತ್ತ ಒಂದು ರೌಂಡು ಪರವಾಗಿಲ್ಲ ಅನ್ನಬಹುದಿತ್ತು. ನಾಲ್ಕು ವರ್ಷ ಅವರು ಕಾದಿದ್ದು ಇದೊಂದಕ್ಕೆ. ಅಕ್ಕ ನಗು ನಿಲ್ಲಿಸಿದಳು.

"ಬೇಡ ಭಾವ. ನಡುಕ ಬಲಗಾಲಿಗೂ ಬಂದಿದೆ. ಮೆಟ್ಟಿಲು ಹತ್ತುವಾಗ ನೋಡಿದ್ದೀನಿ."

ಎಂಜಿನ್ ಓಡುತ್ತಲೇ ಇತ್ತು. ಅವರು ತಲೆ ಬಗ್ಗಿಸಿ ಸ್ಟೇರಿಂಗ್ ಒರೆಸಿದರು, ಒರೆಸಿದ್ದನ್ನೇ ಇನ್ನೊಂದು ಸಲ ಒರೆಸಿದರು. ನನಗೂ ಗೊತ್ತಿತ್ತು ಅಂದರು, ಮೆಲ್ಲಗೆ. ಕಾರಿನ ಮುಂದಿನಿಂದ ಸುತ್ತಿಕೊಂಡು ಆ ಕಡೆ ಹೋಗಿ, ಪಕ್ಕದ ಸೀಟಿನಲ್ಲಿ ಕೂತು ಬಾಗಿಲು ಎಳೆದುಕೊಂಡರು.

"ಏನು ನೋಡ್ತಾ ನಿಂತೆ? ಹತ್ತು. ಕ್ಲಚ್ ಗಟ್ಟಿ, ಹುಷಾರು."

ನಾನು ಓಡಿಸಿರುವುದು ಸ್ಕೂಟರ್ ಮತ್ತು ಅಂಗಡಿಯ ಸಣ್ಣ ವ್ಯಾನು. ನೀರು ಕುಡಿದು ಬರ್ತೀನಿ ಎಂದು ಒಳಗೆ ಓಡಿಬಂದೆ. ನೀರು ಕುಡಿದಾಯಿತು. ಅಕ್ಷರ ಸೊಟ್ಟಗೆ ಬರುತ್ತಿದೆ. ಅಕ್ಕ ಆಗಲೇ ಹಿಂದಿನ ಸೀಟಿನಲ್ಲಿ. ಹಾರ್ನ್ ಕೇಳಿಸುತ್ತಿದೆ, ಭಾವ ಆ ಕಡೆಯಿಂದಲೇ ಕೈ ಚಾಚಿ ಒತ್ತುತ್ತಿರಬೇಕು. ಬಲಗೈ ಇರಬೇಕು, ಬಿಟ್ಟು ಬಿಟ್ಟು ಬರುತ್ತಿದೆ. ಬಂದೆ ಭಾವ, ಬಂ—