ಬದು ಅಳೆಯುವ ಮುಂಚೆ

ಅಪ್ಪಾ,

ಗುರುವಾರ ಸರ್ವೆಯವರು ಬರುತ್ತಾರೆ. ನಗರಗೆರೆಯಲ್ಲಿ ನಮ್ಮ ಹೊಲಕ್ಕೂ ಚಿಕ್ಕಪ್ಪನ ಹೊಲಕ್ಕೂ ನಡುವಿನ ಬದುವನ್ನು ಕೊನೆಗೂ ಅಳೆಸುತ್ತಿದ್ದೇನೆ. ನೀವಿದ್ದಾಗ ಆಗದ ಕೆಲಸ. ಖುಷಿಯಾಗಬೇಕಿತ್ತು, ಅಲ್ಲವೇ? ಕೂತಲ್ಲಿ ಕೂರಲಾಗುತ್ತಿಲ್ಲ. ಜಮೀನಿನ ಕಾಗದ ತೆಗೆಯುತ್ತೇನೆ, ಮಡಿಸುತ್ತೇನೆ, ಮತ್ತೆ ತೆಗೆಯುತ್ತೇನೆ.

ಗೌರಿಬಿದನೂರಿನ ಹೈಸ್ಕೂಲಿನಲ್ಲಿ ನೀವು ಅಮೆರಿಕದ ಪಾಠ ಮಾಡುವಾಗ ನಾನೂ ಮುಂದಿನ ಬೆಂಚಿನಲ್ಲಿದ್ದೆ. ವಲಸೆ ಬಂದ ಬಿಳಿಯರ ಅಧಿಕಾರಿಗಳು ಜಮೀನಿನ ಕಾಗದ ಹಿಡಿದು ಅವಸರ ಮಾಡುತ್ತಿದ್ದರಂತೆ. ಅಲ್ಲಿನ ಆರು ಬುಡಕಟ್ಟುಗಳ ಒಕ್ಕೂಟದ ಹಿರಿಯರು ಮಾತ್ರ, ಎರಡೂ ಕಡೆ ಸತ್ತವರ ದುಃಖ ಕೇಳದೆ ಮಾತುಕತೆ ಶುರುಮಾಡುತ್ತಿರಲಿಲ್ಲ. ಚಿಪ್ಪಿನ ಮಣಿಸರ ಕೊಟ್ಟು, ನಿಮ್ಮ ಕಣ್ಣೀರು ಒರೆಸಿದ್ದೇವೆ, ಈಗ ಮಾತಾಡೋಣ ಅನ್ನುತ್ತಿದ್ದರು. ನೀವು ಚಾಕ್‌ಪೀಸ್ ಕೆಳಗಿಟ್ಟು ಹೇಳುತ್ತಿದ್ದ ಭಾಗ ಅದು.

ಮೊನ್ನೆ ಶಿಡ್ಲಘಟ್ಟದ ನನ್ನ ಕ್ಲಾಸಿನಲ್ಲಿ ಅದನ್ನೇ ಹೇಳಿದೆ. ಒಬ್ಬ ಹುಡುಗಿ ಎದ್ದು, “ಕಣ್ಣೀರು ಒರೆಸಿದ್ರೂ ಜಮೀನು ಕಿತ್ಕೊಂಡ್ರಲ್ವಾ ಮಿಸ್?” ಅಂದಳು.

“ಹೌದಮ್ಮ, ಕಿತ್ಕೊಂಡ್ರು” ಅಂದೆ. ಆದರೆ ನಾವು ಕಣ್ಣೀರನ್ನೂ ಒರೆಸಲಿಲ್ಲವಲ್ಲ ಅಪ್ಪಾ...

ಚಿಕ್ಕಮ್ಮ ತೀರಿಕೊಂಡ ಬೆಳಿಗ್ಗೆ ಫೋನು ಬಂದಾಗ ನೀವು ಶರ್ಟು ಹಾಕಿಕೊಂಡಿರಿ, ಚಪ್ಪಲಿಯನ್ನೂ ಮೆಟ್ಟಿದಿರಿ. ಆಮೇಲೆ “ಬದು ಒತ್ತಿದವನ ಮನೆ ಬಾಗಿಲಿಗೆ ನಾನ್ಯಾಕೆ ಹೋಗ್ಲಿ?” ಅಂತ ಕುರ್ಚಿಯಲ್ಲಿ ಕೂತುಬಿಟ್ಟಿರಿ. ಅಷ್ಟು ವರ್ಷ ಮಕ್ಕಳಿಗೆ ಹೇಳಿದ್ದು ನಿಮಗೇ ಕೇಳಿಸಿರಲಿಲ್ಲವೇ? ನೀವು ತೀರಿಕೊಂಡಾಗ ಚಿಕ್ಕಪ್ಪನೂ ಬರಲಿಲ್ಲ. ನಿಮ್ಮ ಮೇಲೆ ನನಗೆ ಇನ್ನೂ ಸಿಟ್ಟಿದೆ. ನನ್ನ ಮೇಲೂ ಇದೆ. ಅವತ್ತು “ಏಳಿ, ಹೋಗೋಣ” ಅಂತ ನಾನಾದರೂ ಅನ್ನಬಹುದಿತ್ತು.

ನಿನ್ನೆ ನಗರಗೆರೆಗೆ ಹೋದೆ. ಚಿಕ್ಕಪ್ಪ ಜಗಲಿಯಲ್ಲಿ ಕಡಲೆಕಾಯಿ ಸುಲಿಯುತ್ತಿದ್ದರು. “ಕಾಗದ ತಂದ್ಯೇನಮ್ಮ?” ಅಂದರು.

“ಇಲ್ಲ ಚಿಕ್ಕಪ್ಪ. ಚಿಕ್ಕಮ್ಮ ಹೋದಾಗ ನಾವ್ಯಾರೂ ಬರ್ಲಿಲ್ಲ. ಅದಕ್ಕೇ ಬಂದೆ.”

ಅವರು ಮೊರ ಪಕ್ಕಕ್ಕೆ ಸರಿಸಿ ನನಗೆ ಕೂರಲು ಜಾಗ ಮಾಡಿದರು. “ಸರ್ವೆ ನಿಲ್ಲಿಸ್ಬೇಡ, ಅಳೀಲಿ” ಅಂದರು. ಆಮೇಲೆ ಹೇಳಿದರು: “ಅವತ್ತು ಎಲ್ರೂ ಎತ್ತೋಣ ಎತ್ತೋಣ ಅಂತಿದ್ರು. ಅಣ್ಣ ಬಂದೇ ಬರ್ತಾನೆ ಅಂತ, ಹೊತ್ತು ಮುಳುಗೋವರೆಗೂ ಹೆಣ ಎತ್ತೋಕೆ ಬಿಡ್ಲಿಲ್ಲ ಕಣಮ್ಮ ನಾನು.”

ಅವರು ಕಾದಿದ್ದರು ಅಪ್ಪಾ. ಗುರುವಾರ ಸರ್ವೆಯವರು ಅಳತೆಯ ಚೈನು ಎಳೆಯುವಾಗ ನಾನು ಚಿಕ್ಕಪ್ಪನ ಪಕ್ಕದಲ್ಲಿ ನಿಂತಿರುತ್ತೇನೆ. ಗಡಿಕಲ್ಲು ಎಲ್ಲಿ ಬೇಕಾದರೂ ಬೀಳಲಿ.