ಹಳದಿ ಹೂವಿನ ಚಹಾ

ಅಮ್ಮಾ,

ಇವತ್ತು ಕಲೀನಾಳನ್ನು ಪ್ಲೋವ್ದಿವ್ ಪಟ್ಟಣದ ಮನೋವೈದ್ಯೆ ಸ್ತಾನೆವಾ ಅವರ ಬಳಿ ಕರೆದುಕೊಂಡು ಹೋಗಿದ್ದೆ. ನಿನ್ನ ಮೊಮ್ಮಗಳಿಗೀಗ ಹತ್ತೊಂಬತ್ತು. ಚಳಿಗಾಲವಿಡೀ ಹಾಸಿಗೆ ಬಿಟ್ಟೇಳಲಿಲ್ಲ. ಅವರು ಬರೆದುಕೊಟ್ಟದ್ದು ಖಿನ್ನತೆಗೆ ಕೊಡುವ ಸೆರ್ಟ್ರಾಲಿನ್, ನೀನು ನುಂಗುತ್ತಿದ್ದ ಮಾತ್ರೆಯೇ.

"ಗುಣ ಕಾಣೋಕೆ ಕೆಲವು ವಾರ ಬೇಕು. ಶುರುವಿನಲ್ಲಿ ಚಡಪಡಿಕೆ ಆಗಬಹುದು. ಸಾಯೋ ಯೋಚನೆ ಬಂದ್ರೆ ತಕ್ಷಣ ಫೋನ್ ಮಾಡು. ನೀನಾಗೇ ನಿಲ್ಲಿಸಬೇಡ, ಮರಿ," ಎಂದರು. ಆಮೇಲೆ ನನ್ನ ಕಡೆ ತಿರುಗಿ, "ಮನೇಲಿ ಕಂತರಿಯೋನ್ ಹೂವಿನ ಚಹಾ ಮಾಡ್ತೀರಾ?" ಎಂದು ಕೇಳಿದರು.

"ಬೆಟ್ಟದೋರು ನಾವು. ಅದಿಲ್ಲದ ಮನೆ ಇದೆಯಾ?" ಎಂದು ನಕ್ಕೆ.

"ಈ ಮಾತ್ರೆ ಜೊತೆ ಅದು ಬೇಡವೇ ಬೇಡ. ಎರಡೂ ಸೇರಿದ್ರೆ ಮೈ ನಡುಗಬಹುದು, ಬೆವರಬಹುದು, ಎದೆ ಡವಡವ ಹೊಡ್ಕೋಬಹುದು. ಜೀವಕ್ಕೂ ಅಪಾಯ."

ನನ್ನ ನಗು ನಿಂತಿತು. ಆ ಹಳದಿ ಹೂಗಳನ್ನು ಮನಸ್ಸಿಗೆ ಒಳ್ಳೆಯದೆಂದು ನಾನೇ ಕುದಿಸಿ, ಜೇನು ಬೆರೆಸಿ, ನಿನಗೆ ಕುಡಿಸುತ್ತಿದ್ದೆ. ನೀನು ನಡುಗತೊಡಗಿದಾಗ, "ಆ ಮಾತ್ರೆ ವಿಷ ಕಣಮ್ಮಾ," ಎಂದು ಡಬ್ಬಿಯನ್ನೇ ಎಸೆದೆ. ಚಹಾ ಮಾತ್ರ ನಿಲ್ಲಿಸಲಿಲ್ಲ. ಮೊದಲಿನ ಮಂಕು ನಿನಗೆ ಮತ್ತೆ ಕವಿಯಿತು; ಚೆರ್ರಿ ಹೂಬಿಡುವ ಹೊತ್ತಿಗೆ ನೀನೇ ಇರಲಿಲ್ಲ.

"ಮನೇಲಿ ಮುಂಚೆ ಯಾರಾದ್ರೂ ಇದನ್ನ ತಗೊಂಡಿದ್ರಾ? ಅವರಿಗೆ ಒಗ್ಗಿತ್ತಾ?" ಎಂದು ಡಾಕ್ಟರ್ ಕೇಳಿದರು.

ನನಗಿಂತ ಮೊದಲು ಕಲೀನಾಳೇ ಹೇಳಿದಳು: "ಅಜ್ಜಿ ತಗೊಂಡಿದ್ರಂತೆ. ಅವರಿಗೆ ಆಗಿಬರಲಿಲ್ಲ ಅಂತ ಅಮ್ಮ ಯಾವಾಗ್ಲೂ ಹೇಳ್ತಾಳೆ."

ನೀನು ಮಾತ್ರೆ ಶುರುಮಾಡಿ ಕೆಲವು ವಾರಗಳಾಗಿದ್ದ, ನಾನು ಚಹಾ ಇನ್ನೂ ಶುರುಮಾಡಿರದ ಆ ಭಾನುವಾರ ನೆನಪಾಯಿತು. ನೀನಾಗಿಯೇ ತಲೆಗೆ ನೀರು ಹಾಕಿಕೊಂಡು ಬಂದು, ಬಾಲ್ಕನಿಯಲ್ಲಿ ಕೂತು, "ಮೆಣಸಿನಕಾಯಿ ಹಾಗಾ ಸುಡೋದು? ಕರಕಲು ಮಾಡಿದ್ಯಲ್ಲೇ!" ಎಂದು ನನ್ನನ್ನು ಬೈದಿದ್ದೆ.

"ಇಲ್ಲ ಕಂದಾ," ಎಂದೆ. "ಅಜ್ಜಿಗೆ ಅದು ಒಗ್ಗಿತ್ತು."